ಬಾಲ ಮುರಿದ ಳ

ಹನ್ನೊಂದು ಸಂಚಿಕೆ, ಏಳು ಕವಿಗಳು.
ಎಪ್ಪತ್ಮೂರರಿಂದ ಎಪ್ಪತ್ತಾರರವರೆಗೆ
ಗಂಗಾವತಿಯಲ್ಲೊಂದು ಚಳುವಳಿ ಇತ್ತು ಎಂದು
ಮುನ್ನೂರ ಹನ್ನೆರಡು ಪುಟ ಬರೆದಿದ್ದೇನೆ.
ಎರಡನೇ ಕರಡು ಬಂದಿದೆ. ಪದಸೂಚಿಯೊಂದು ಬಾಕಿ.

ಮೊದಲು ಕಣ್ಣಿಗೆ ಬಿದ್ದದ್ದು ಳ.
'ಕವಣಿ'ಯ ಮಾಸಿದ ಹಾಳೆಗಳಲ್ಲಿ ಅದರ ಬಾಲ ಮುರಿದಿತ್ತು
ಹೊಳೆಯಲ್ಲೂ ಬಾಳಲ್ಲೂ ಬೆಳದಿಂಗಳಲ್ಲೂ.
ಇರಲಿ, ಟೈಪು ಮಾಡಿದವನು ಒಬ್ಬನೇ ಇದ್ದಾನು.
ಆದರೆ ಸಂಪಾದಕನಿಗೆ ಬೈದು ಬಂದ ಪತ್ರದಲ್ಲೂ
ಅದೇ ಮೋಟು ಳ.
ಬಳಗ ಬಿಟ್ಟವನ ರಾಜೀನಾಮೆಯಲ್ಲೂ.

ಭತ್ತ ಬೇಯುವ ಹಬೆಯ ಓಣಿಯಲ್ಲಿ ಮನೆ ಹುಡುಕಿದೆ.
ಗಿರಣಿಯ ಹಳೇ ಗುಮಾಸ್ತ ಹುಲಿಗೆಪ್ಪ, ಎಂಬತ್ತೊಂದು,
ನನ್ನ ಕರಡನ್ನು ಅಂಗೈಯಲ್ಲಿ ತೂಗಿದರು,
ಅಕ್ಕಿಯ ಮಾದರಿ ನೋಡುವ ಹಾಗೆ.

"ಚಳುವಳಿ ಅಂದ್ರ ಮಂದಿ ಬೇಕಲ್ಲವ್ವಾ.
ಧಾರವಾಡದಾಗ ಇದ್ರು, ಮೈಸೂರಾಗ ಇದ್ರು.
ಇಲ್ಲಿ ನಾ ಯಾರನ್ನ ಕರೀಲಿ? ಹಮಾಲರನ್ನ ಕರದೆ.
ಚಹಾ ಕುಡದು ಹ್ವಾದ್ರು.
ಅದಕ ನಾನ ಆರು ಮಂದಿ ಆದೆ."

ಮತ್ತೆ ಆ ಜಗಳಗಳು?
"ಜಗಳಿಲ್ಲದ ಚಳುವಳಿ ಯಾರು ನಂಬ್ತಾರ?"

ನನ್ನ ಮೂರನೇ ಅಧ್ಯಾಯ: ಬಳಗದ ಒಳಬಿರುಕುಗಳು.
ಇಬ್ಬರು ಕವಿಗಳ ತಾತ್ವಿಕ ಭೇದಕ್ಕೆ ನಲವತ್ತು ಪುಟ ಸುರಿದಿದ್ದೆ.
ಒಬ್ಬ ಹಗಲುಪಾಳಿಯ ಹುಲಿಗೆಪ್ಪ,
ಇನ್ನೊಬ್ಬ ರಾತ್ರಿಪಾಳಿಯವನು.
ನಕ್ಕೆ. ನಗುತ್ತ ನಗುತ್ತ ಹೊಟ್ಟೆ ಕಲಸಿತು.

ಆಮೇಲೆ ಎಣಿಸಿದೆ, ಬೆರಳು ಮಡಚಿ.
ಆರು ಅಂದ್ರಲ್ಲ. ಏಳಲ್ಲವೇ?

ಅವರು ಕನ್ನಡಕ ತೆಗೆದರು, ಒರೆಸಲಿಲ್ಲ.
"ಯಂಕವ್ವ ನಾನಲ್ಲ.
ಆಕಿ ಪದ್ಯ ಟಪಾಲಿಗೆ ಬರ್ತಿದ್ವು,
ಬೀಡಿ ಕಟ್ಟಿನ ಕಾಗದದ ಬೆನ್ನಿಗೆ. ವಿಳಾಸ ಇಲ್ಲ.
ತಾವರಗೇರಿ ಮುದ್ರಿ, ಅಷ್ಟ.
ಏಳ್ನೇ ಸಂಚಿಕಿಗೆ ಬರದ್ಲು:
ನಿಮ್ಮ ಬಳಗದಾಗ ನನ್ನನ್ನೂ ಸೇರಿಸ್ಕೊಳ್ರಿ.
ಬಳಗ! ನಾ ಒಬ್ಬವ ಕುಂತು ಅದನ್ನ ಓದಿದೆ ನೋಡು.
ಮೂರು ಸಲ ಹೋಗಿದ್ದೆ. ಊರಾಗ ಮನಿಗೊಬ್ಬ ಯಂಕವ್ವ."

ನಾಲ್ಕನೇ ಅಧ್ಯಾಯ ಅವಳದು. ಬಾಯಿಪಾಠ ಬರುತ್ತದೆ ನನಗೆ:

  ಮುಸುರಿ ತಿಕ್ಕಿದ ಬೂದಿ
  ಉಗುರಿನಾಗ ಉಳದೈತಿ
  ಅದ ನನ್ನ ಶಾಯಿ
  ಸಣ್ಣ ಕಾಗದ ಸಾಕು

ಹೊರಡುವಾಗ ಹುಲಿಗೆಪ್ಪ ಬಾಗಿಲವರೆಗೆ ಬಂದು,
"ಆ ಆರು ಮಂದೀನ ಬೇಕಾದ್ರ ತೆಗದು ಹಾಕು" ಎಂದರು,
ತೌಡು ಕೊಡವಿದಷ್ಟು ಹಗುರಾಗಿ.
ಹೆಸರು ಹೆಸರಾಗಿ ತೆಗೆಯಬೇಕಾದವಳು ನಾನು.
ಯಾವ ಪುಟದಿಂದ ಶುರು ಮಾಡಲಿ?

ಪ್ರಕಾಶಕರ ಫೋನು ಕನಕಗಿರಿ ದಾಟುವವರೆಗೂ ಬಡಕೊಂಡಿತು.
ಸೋಮವಾರ ಅಚ್ಚಿಗೆ.
ಕಿಟಕಿಯಾಚೆ ಕಲ್ಲುಗುಡ್ಡ, ಜಾಲಿ, ಮತ್ತೆ ಕಲ್ಲುಗುಡ್ಡ.

"ಎಲ್ಲಿಗ್ರೀ?"
ತಾವರಗೇರಿ.
"ಹೆಣ್ಮಕ್ಕಳಿಗೆ ಟಿಕೆಟ್ ಫ್ರೀ.
ಆಧಾರ ತೋರಸ್ರಿ."

ಚೀಲದಲ್ಲಿ ತಡಕಾಡಿದೆ.
ಕೈಗೆ ಮೊದಲು ಸಿಕ್ಕದ್ದು ಕರಡು.