ಒದ್ದೆ ಬಲ್ಬು

ಏಪ್ರಿಲ್ಲಿನ ನಡುಮಧ್ಯಾಹ್ನ, ಶಿಡ್ಲಘಟ್ಟ ದಾಟಿ
ದಿಬ್ಬೂರಹಳ್ಳಿ ರಸ್ತೆಯ ಚಾಕಿ ಮನೆಗೆ
ಸ್ಕೂಟರಿಗೆ ಗ್ಯಾಸಿನ ಸಿಲಿಂಡರು ಕಟ್ಟಿಕೊಂಡು ಹೋದೆ.
‘ಮಿಷನ್ನು ಸರಿಯಿಲ್ಲ’ ಅಂತ ಪಿಳ್ಳೇಗೌಡರ ಫೋನು.
ಎಲ್ಲರದೂ ಇದೇ ಮಾತು.
ಗಾಳಿ ಸರಿಯಿಲ್ಲ ಅಂತ ಇದುವರೆಗೆ ಯಾರೂ ಕರೆದಿಲ್ಲ.

ಒಳಗೆ ತಟ್ಟೆಯ ಮೇಲೆ ತಟ್ಟೆ. ಇರುವೆಗಿಂತ ಸಣ್ಣ ಹುಳು,
ಕಿವಿಯಿಟ್ಟರೂ ಮೇಯುವ ಸದ್ದು ಇನ್ನೂ ಬಂದಿಲ್ಲ.
ಮೊದಲ ಜ್ವರಕ್ಕೆ ಒಂದು ಹಗಲು ಬಾಕಿ.
ಗೋಡೆಗೆ ಜೋಡಿ ಥರ್ಮಾಮೀಟರು:
ಒಂದಕ್ಕೆ ಬರಿಗಾಲು,
ಇನ್ನೊಂದರ ಕಾಲಿಗೆ ಬಟ್ಟೆಯ ಬತ್ತಿ,
ಬತ್ತಿಯ ತುದಿ ಕುಪ್ಪಿಯ ನೀರಲ್ಲಿ.
ಎರಡೂ ಇಪ್ಪತ್ತೇಳು.

ಎರಡೂ ಒಂದೇ ಅಂದರೆ ಗಾಳಿ ತುಂಬಿದೆ,
ಇನ್ನೊಂದು ಹನಿಗೂ ಜಾಗವಿಲ್ಲ.
ಹಾಗಂತಲೇ ಮಂಜು ಉಗುಳುವ ಯಂತ್ರ
ಮೂಲೆಯಲ್ಲಿ ಬಾಯಿ ಮುಚ್ಚಿ ಕೂತಿತ್ತು.

ಚಿಂತಾಮಣಿಯಲ್ಲಿ ನನಗೆ ಕೆಲಸ ಕಲಿಸಿದ ಖಾದರ್ ವಲಿ ಉಸ್ತಾದರು
ಎಣ್ಣೆಗೈಯಲ್ಲೇ ಬಾಗಿದ ಗೆರೆಗಳ ನಕ್ಷೆ ಹರಡಿ ಹೇಳುತ್ತಿದ್ದರು:
‘ಬಿಸಿಗಾಳಿಯ ಜೇಬು ದೊಡ್ಡದು ಕಣೋ,
ತಣಿಸಿದೆಯೋ, ಜೇಬು ಕುಗ್ಗುತ್ತೆ, ಚಿಲ್ಲರೆ ಕೆಳಗೆ ಬೀಳುತ್ತೆ.
ಗಿರಾಕಿ ಕಾಸು ಕೊಡೋದು ತಂಪಿಗೆ.
ಮಿಷನ್ನಿನ ದುಡಿಮೆಯಲ್ಲಿ ಒಂದು ಪಾಲು
ಆ ಬಿದ್ದ ನೀರಿಗೇ ಹೋಗುತ್ತೆ, ಯಾವ ಮೀಟರಿಗೂ ಕಾಣದ ಹಾಗೆ.’
ನಾನು ತಲೆಯಾಡಿಸುತ್ತಿದ್ದೆ. ಬೋಂಡದ ಎಣ್ಣೆ
ನಕ್ಷೆಯ ಅರವತ್ತರ ಗೆರೆಯ ಮೇಲೆ ಹರಡುತ್ತಿತ್ತು.

ಎರಡು ಗಂಟೆ. ಗ್ಯಾಸಿನ ಒತ್ತಡ ನೋಡಿದೆ,
ಕೆಪ್ಯಾಸಿಟರು ಬದಲಿಸಿದೆ, ಕಾಯಿಲು ತೊಳೆದೆ.
ಕೊಠಡಿ ತಣ್ಣಗಿತ್ತು. ಹುಳು ಮೇಯಲೊಲ್ಲದು.

ಸೊಪ್ಪು ಕೊಚ್ಚುವ ಅಕ್ಕಯಮ್ಮ ಒಂದೆಲೆ ಎತ್ತಿ ಹಿಡಿದಳು.
‘ಅಂಚು ಹಪ್ಪಳ ಆಗೈತೆ ನೋಡಣ್ಣ.
ನಿನ್ನ ಗಾಳಿ ಹೊಟ್ಟೆ ತುಂಬ ನೀರು ಕುಡಿದಿದ್ರೆ
ನನ್ನ ಸೊಪ್ಪಿನ ನೀರಿಗ್ಯಾಕೆ ಬಾಯಿ ಹಾಕ್ತಿತ್ತು?’

ಅವಳೇ ಬತ್ತಿ ಎಳೆದಳು.
ಬತ್ತಿಯಲ್ಲ, ಸುಣ್ಣದ ಕಡ್ಡಿ.
ಸಾವಿರದ ನಾನೂರು ಅಡಿ ಬೋರಿನ ನೀರು,
ಪಾತ್ರೆಯ ತಳದಲ್ಲಿ, ನಮ್ಮ ಹಲ್ಲಿನ ಮೇಲೆ ಕೂತದ್ದು,
ಇಲ್ಲೂ ಕೂತಿತ್ತು.

ಬಟ್ಟೆ ಆರಿತು ಅನ್ನುತ್ತೇವೆ, ಕಾಫಿ ಆರಿತು ಅನ್ನುತ್ತೇವೆ.
ಒಣಗುವುದಕ್ಕೂ ತಣಿಯುವುದಕ್ಕೂ ಒಂದೇ ಮಾತು ಇಟ್ಟವರು
ಉಸ್ತಾದರ ನಕ್ಷೆ ನೋಡಿದವರಲ್ಲ.
ಬತ್ತಿಯಲ್ಲಿ ಆರುವುದಕ್ಕೆ ಏನೂ ಉಳಿದಿರಲಿಲ್ಲ,
ಬಲ್ಬು ಹೇಗೆ ಆರೀತು?
ಎರಡು ಬರಿಗಾಲನ್ನು ನಂಬಿ
ನಾನು ಕಾಯಿಲು ತೊಳೆಯುತ್ತಿದ್ದೆ.

ಹಳೇ ಪಂಚೆ ಹರಿದು ಹೊಸ ಬತ್ತಿ.
ನೀರು?
ಬೋರಿನದು ಬೇಡ ಅಂದೆ. ಬಾಟಲಿ ನೀರಿಗೆ
ಅಂಗಡಿ ಮೂರು ಕಿಲೋಮೀಟರು ದೂರ.
ಅಕ್ಕಯಮ್ಮ ಹಿತ್ತಲಿಗೆ ಹೋಗಿ
ನನ್ನದೇ ಮಿಷನ್ನಿನ ಪೈಪು ತೊಟ್ಟಿಕ್ಕುವ ಬಣ್ಣದ ಡಬ್ಬದಿಂದ
ಕಾಗೆ ಕುಡಿದು ಉಳಿಸಿದ್ದನ್ನು ಚೆಲ್ಲಿ,
ಹೊಸದಾಗಿ ಬಿದ್ದದ್ದನ್ನು ಲೋಟದಲ್ಲಿ ಹಿಡಿದು ತಂದಳು.
ಸುಣ್ಣವಿಲ್ಲ, ಉಪ್ಪಿಲ್ಲ.
ಬೆಳಗಿನಿಂದ ಈ ಕೊಠಡಿ ಕಳೆದುಕೊಂಡದ್ದು.

ಬತ್ತಿ ಕುಡಿಯಿತು.
ಇಪ್ಪತ್ತಾರು. ಇಪ್ಪತ್ನಾಲ್ಕು.
ಇಬ್ಬರೂ ಮಾತಾಡಲಿಲ್ಲ.
ಇಪ್ಪತ್ತಕ್ಕೆ ಬಂದು ನಿಂತಿತು.
ಪಕ್ಕದ್ದು ಇಪ್ಪತ್ತೇಳರಲ್ಲೇ.
ನಡುವಿನ ಆ ಏಳರಲ್ಲಿ ಅಷ್ಟೂ ಹುಳುವಿನ ಬಾಯಾರಿಕೆ.
ಮೂಲೆಯ ಯಂತ್ರ ಕೆಮ್ಮಿತು, ಮಂಜು ಉಗುಳಿತು.

ಗೌಡರು ಬಂದರು. ‘ಮಿಷನ್ನಿಗೆ ಏನಾಗಿತ್ತಯ್ಯ?’
ಬಿಲ್ಲಿನಲ್ಲಿ ಕೆಪ್ಯಾಸಿಟರು ಒಂದು ಅಂತ ಬರೆದೆ.
ಬತ್ತಿಗೆ ರೇಟು ಗೊತ್ತಿರಲಿಲ್ಲ.
ಅಕ್ಕಯಮ್ಮ ನೋಡಿದಳು, ಏನೂ ಅನ್ನಲಿಲ್ಲ,
ಪೈಪಿನ ಕೆಳಗೆ ತೊಳೆದ ಬಾಟಲಿಯೊಂದನ್ನು ಇಟ್ಟು ಬಂದಳು.

ಹೊರಗೆ ಬಿಸಿಲು ಇಳಿದಿರಲಿಲ್ಲ.
ಬೆವರಿಗೆ ಅಂಗಿ ಬೆನ್ನಿಗಂಟಿತ್ತು.
ಸ್ಕೂಟರು ಓಡಿದಷ್ಟು ಹೊತ್ತು ಬೆನ್ನು ತಣ್ಣಗಿತ್ತು.
ಊರು ಬರುವಷ್ಟರಲ್ಲಿ ಆರಿತು.