ಐದು ಲೀಟರಿನ ಕ್ಯಾನು

ಉಪ್ಪಳದಲ್ಲಿ ಬಸ್ಸಿಳಿದಾಗ ಕೈಯಲ್ಲಿ
ಆರು ಖಾಲಿ ಕ್ಯಾನು, ಹಗ್ಗಕ್ಕೆ ಪೋಣಿಸಿ.
ಎಣ್ಣೆಗಾ ಟೀಚರೇ, ಎಂದ ಕಂಡಕ್ಟರಿಗೆ
ಹೌದೆಂದೆ. ಬೇರೇನು ಹೇಳಲಿ.

ಫಾರ್ಮು ಮಲಯಾಳದಲ್ಲಿ, ವಾರಿಜಕ್ಕನ ಮಾತು ತುಳುವಿನಲ್ಲಿ,
ನಡುವೆ ನನ್ನ ಕನ್ನಡ ನಾಚುತ್ತ ನಿಂತಿತು:
ಬೆಳಗಿನ ಮೊದಲನೆಯದು ಬಿಟ್ಟು
ಮರುದಿನ ಬೆಳಗಿನದು ಸೇರಿಸಿ, ಒಂದು ಹನಿಯೂ ಬಿಡದೆ.
ಯಾಕಂತೆ?
ಎಷ್ಟು ಉಪ್ಪು ತಿನ್ನುತ್ತೀರೆಂದು ಅಳೆಯಲು,
ರಕ್ತದ ಒತ್ತಡ, ನಾಳ... ಎನ್ನುತ್ತ ಜಗಲಿಯತ್ತ ನೋಡಿದೆ.
ಗಂಡ ಲೋಕಯ್ಯಣ್ಣ, ಬಲಗೈ ಮಡಿಲಲ್ಲಿಟ್ಟು
ಎಡಗೈಯಲ್ಲೇ ಬಲೆಯ ಗಂಟು ಬಿಡಿಸುತ್ತಿದ್ದರು.
ಮತ್ತೆ ಅವಳು ಕೇಳಲಿಲ್ಲ.

ವಾರದ ಬಳಿಕ ಲ್ಯಾಬಿನಿಂದ ಫೋನು:
ನಲವತ್ತೊಂದನೇ ಮನೆಯದು ಮನುಷ್ಯರದ್ದಲ್ಲ.

ಒಣಮೀನಿನ ಚಾಪೆಯ ಮೇಲೆ ಕಾಗೆ ಓಡಿಸುತ್ತ ಹೇಳಿದಳು:
ಮಾರ್ಕೆಟಿಗೆ ಅದನ್ನು ಹೊತ್ತು ಹೋಗುವುದುಂಟಾ?
ಅರ್ಧ ದಿನದ್ದು ಅಲ್ಲೇ ಹೋಯಿತು.
ಕಡಿಮೆ ಕೊಡಲು ನಾಚಿಕೆ ಮಗಾ.
ಹಿಂದೆಯೇ ಕಡಲಿತ್ತು.
ನಲವತ್ತು ವರ್ಷ ಅದರಲ್ಲೇ ನಿಂತವಳು,
ಅಷ್ಟೇನೂ ಬೇರೆಯಲ್ಲ.

ಕಾರಣದ ಕಾಲಮ್ಮಿನಲ್ಲಿ ಎರಡು ಬೆರಳಗಲ ಜಾಗ.
ಒಂದು ದಿನದ ಸಂಪಾದನೆಗೆ
ಅಲ್ಲಿ ಸಂಖ್ಯೆ ಕೊಟ್ಟಿಲ್ಲ.
'ಇತರೆ' ಎಂದು ಗೀಚಿದೆ.

ಸಂಕ್ರಮಣಕ್ಕೆ ಬಾ, ಎಂದಳು, ದೋಣಿ ಇಳಿಯದ ದಿನ.
ಮರುದಿನ ಹೋದೆ. ಕ್ಯಾನು ತುಳಸಿಕಟ್ಟೆಯಿಂದ ದೂರ,
ಬಾವಿಯ ನೆರಳಲ್ಲಿ ಗೋಣಿ ಹೊದ್ದು ಕೂತಿತ್ತು.
ಮುಚ್ಚಳಕ್ಕೆ ಹಳೆ ಸೀರೆಯ ಚೂರು, ಎರಡು ಗಂಟು.
ಒಂದು ಅವಳದ್ದು.
ಇನ್ನೊಂದು ಸಡಿಲ, ಓರೆ,
ಎಡಗೈಯದ್ದು.