ಷರಾ

ನಾಲ್ಕೂವರೆಗೆ ಸಂಡೂರಿನ ಬೀದಿದೀಪ ಕೆಂಪಗಿತ್ತು,
ಧೂಳಿಗೋ ನಿದ್ದೆಗೋ ಗೊತ್ತಾಗಲಿಲ್ಲ.
ಗುಡ್ಡ ಹತ್ತುವಾಗ ಬೆನ್ನಿಗೆ ಆರು ಬಲೆ, ಕೈಯಲ್ಲಿ ಡಬ್ಬಿ:
ಶೇಂಗಾ ಬೆಲ್ಲ ಕುಟ್ಟಿದ ಉಂಡೆ.
ಇಲಿಗೆ ಅರ್ಧ, ಶೇಕ್ಷಾವಲಿಗೆ ಅರ್ಧ.
"ರುಚಿ ನೋಡದ ಹೆಂಗ ಇಡೋದ್ರಿ ಅಕ್ಕಾರ?"
ಹನ್ನೊಂದು ವರ್ಷ ಅದಿರಿನ ಟಿಪ್ಪರ್ ತಿರುಗಿಸಿದ ಕೈ
ಈಗ ಕೂದಲೆಳೆಯಂಥ ಬಲೆಯಿಂದ
ಒಂದು ಕಾಲುಗುರು ಬಿಡಿಸುತ್ತದೆ,
ಉಸಿರು ಹಿಡಿದು.

ಹಳದಿ ಕತ್ತಿನ ಪಿಕಳಾರ. ಇಪ್ಪತ್ತೊಂಬತ್ತು ಗ್ರಾಂ,
ಚೀಲದ ತೂಕ ಕಳೆದು.
ರೆಕ್ಕೆ ಬಿಚ್ಚಿದರೆ ನನ್ನ ಹೆಬ್ಬೆರಳಿಗೆ
ಕುಂಕುಮದಷ್ಟು ಗಣಿ.
ಅದನ್ನು ಎಷ್ಟೆಂದು ಕಳೆಯಲಿ?

ಆಮೇಲೆ ಬಂಡೆಸಾಲು, ನಿನ್ನೆ ಸಂಜೆ ಇಟ್ಟ ಬೋನುಗಳು.
ಖಾಲಿ. ಖಾಲಿ. ಬರೀ ಇರುವೆ.
ಹತ್ತೊಂಬತ್ತರಲ್ಲಿ ಒಂದು ಸುಂಡಿಲಿ,
ಸಿಟ್ಟಿಗೆ ನಾರುತ್ತಿತ್ತು.
ಇಪ್ಪತ್ತೇಳು ಎತ್ತಿದಾಗಲೇ ಭಾರ.
ಬಾಗಿಲು ಬೆರಳಗಲ ಸರಿಸಿದೆ:
ಮುಳ್ಳುಗೂದಲಿನ ಇಲಿ, ನಾವೇ ತುರುಕಿದ ಹತ್ತಿಯೊಳಗೆ,
ಹೊಟ್ಟೆಗೆ ಅಂಟಿಕೊಂಡು ನಾಲ್ಕು,
ನೆನೆಹಾಕಿದ ಶೇಂಗಾ ಬೀಜದಂಥವು.
ರಾತ್ರಿ ಯಾವಾಗಲೋ, ನಮ್ಮ ತಗಡಿನಲ್ಲಿ.

ಪಟ್ಟಿ ಕೇಳುತ್ತಿತ್ತು: ತೂಕ, ಬಾಲ, ಹಿಂಗಾಲು, ಕಿವಿ.
ನಾನು ಚೀಲ ತೆಗೆದೆ. ಶೇಕ್ಷಾವಲಿ ಕೈ ಅಡ್ಡ ಹಿಡಿದ.
"ಹಸಿ ಬಾಣಂತಿ ಐತ್ರಿ. ತೂಗಬ್ಯಾಡ್ರಿ."

ಬೋನಿನ ಬಾಯನ್ನು ಬಂಡೆಯ ಸಂದಿಗೆ ತಾಗಿಸಿ
ಹತ್ತು ಮಾರು ದೂರ ಕೂತೆವು.
ಕೆಳಗೆ ವೇಬ್ರಿಜ್ ಮುಂದೆ ಲಾರಿಗಳ ಸಾಲು,
ಒಂದರ ಹಾರ್ನಿಗೆ ಇನ್ನೊಂದು.
"ಅಲ್ಲೇ ನಿಂತಿದ್ದೆ ನಾನೂ,
ಒಮ್ಮೊಮ್ಮೆ ಮೂರು ದಿನ. ನಮ್ಮ ದೊಡ್ಡ ಮಗಳು
ಹುಟ್ಟಿದ್ದು ಫೋನಿನ್ಯಾಗ ಗೊತ್ತಾತು."
ಬಲೆ ನೋಡುವ ಹೊತ್ತಾಗಿತ್ತು. ಎದ್ದು ಹೋದ.

ಅವಳು ಒಂದನ್ನು ಬಾಯಲ್ಲಿ ಕಚ್ಚಿ ಒಯ್ದಳು.
ತುಂಬ ಹೊತ್ತು ಏನೂ ಇಲ್ಲ.
ಎರಡು. ಬೆನ್ನಿಗೇ ಮೂರು.
ನಾಲ್ಕನೆಯದಕ್ಕೆ ಬರಲಿಲ್ಲ.
ಬಿಸಿಲು ತಗಡಿನ ಅಂಚಿಗೆ ಬಂತು,
ತೆವಳಿ ಹೋಗಿ ಬರೆಯುವ ಹಲಗೆಯನ್ನೇ
ನೆರಳಿಗೆ ಹಿಡಿದೆ, ಪಟ್ಟಿ ಕೆಳಮುಖ.
ಎಷ್ಟು ಹೊತ್ತೋ. ಕೈ ಸೋತು
ಹಲಗೆ ಬಲಗೈಯಿಂದ ಎಡಗೈಗೆ ಬದಲಿಸಿ ನೋಡಿದರೆ
ಬೋನು ಖಾಲಿ.
ಅಷ್ಟನ್ನು ಮಾತ್ರ ನಾನು ಕಾಣಲಿಲ್ಲ.

ಇಪ್ಪತ್ತೇಳರ ಎದುರು ನಾಲ್ಕು ಕಡೆ ಅಡ್ಡಗೆರೆ.
ಷರಾ: ಉಂಡೆ ಪೂರ್ತಿ ತಿಂದಿದೆ.
ಅದರ ಕೆಳಗೆ ಇನ್ನೇನೋ ಬರೆಯಬೇಕಿತ್ತು.
ಮೇಲಿನಿಂದ ಶೇಕ್ಷಾವಲಿ ಕೂಗಿದ,
ಎರಡನೇ ಬಲೆಯಲ್ಲಿ ಹಕ್ಕಿ, ಚೀಲ ತರ್ರಿ ಲಗೂನ.